ಎಂಟು ಸೆಕೆಂಡು

ಮೊಟ್ಟೆಗಳಿಗೆ ಕಾಯುವುದು ಗೊತ್ತಿಲ್ಲ, ಎಂದಳು ಕಾಂಗ್ಯಾಂಗ್.
ಹಿಂದಿನ ಕೋಣೆಯಲ್ಲಿ ಅವಳ ಕಾವುಪೆಟ್ಟಿಗೆ,
ಮುನ್ನೂರ ಹನ್ನೆರಡು ಮೊಟ್ಟೆ, ಹದಿನಾಲ್ಕನೇ ದಿನ.
ಜೋಸ್ ಊರಿನ ಜನವರಿ. ಮರುಭೂಮಿಯಿಂದ ಬಂದ ಒಣಗಾಳಿ
ತುಟಿ ಸೀಳಿ, ಕಿಟಕಿ ಸಂದಿಗೆಲ್ಲ ಹಿಟ್ಟಿನಂಥ ಧೂಳು ತುಂಬಿ,
ರಾತ್ರಿ ನೀರು ಮುಟ್ಟಿದರೆ ಬೆರಳು ಸೆಟೆಯುವ ಚಳಿ.

ಒಂಬತ್ತು ವರ್ಷ ಅವಳೇ ಸ್ವಿಚ್ಚಾಗಿದ್ದಳು.
ಫ್ಯಾನಿನ ಸದ್ದು ನಿಂತರೆ ಸಾಕು, ನಿದ್ದೆಯೊಳಗೇ ಎಚ್ಚರ;
ಬರಿಗಾಲು, ಟಾರ್ಚು, ಅಂಗಳ,
ಜನರೇಟರಿನ ಹಗ್ಗ ಜಗ್ಗು, ಒಂದು, ಎರಡು, ಒಂದು ಬೈಗುಳ, ಮೂರು,
ಆಮೇಲೆ ಗೋಡೆಯ ಆ ಕಬ್ಬಿಣದ ಹಿಡಿಕೆ
ಮೇಲಿಂದ ಕೆಳಕ್ಕೆ.
ಕರೆಂಟು ಬಂದಾಗ ಮತ್ತೆ
ಕೆಳಗಿಂದ ಮೇಲಕ್ಕೆ.
ಒಮ್ಮೆ ತಂಗಿಯ ಮದುವೆಗೆಂದು ಒಂದೇ ಒಂದು ರಾತ್ರಿ
ಬೇರೆ ಊರಲ್ಲಿ ಮಲಗಿದಳಂತೆ.
ಮರಳಿದಾಗ ಮೊಟ್ಟೆಗಳು ತಣ್ಣಗೆ.
ಒಂದೊಂದನ್ನೂ ಕಿವಿಗಿಟ್ಟು ಕೇಳಿದೆ, ಎಂದಳು.
ಮದುವೆ ಹೇಗಾಯಿತೆಂದು ನಾನು ಕೇಳಲಿಲ್ಲ.

ಜನರೇಟರಿಗೆ ಬ್ಯಾಟರಿ ಕೊಟ್ಟು
ತಾನಾಗಿ ಏಳುವುದನ್ನು ಕಲಿಸಿದೆ.
ಹೊಸ ಪೆಟ್ಟಿಗೆಯನ್ನು ಗೋಡೆಗೇರಿಸಿದೆ.
ಒಳಗೆ ಎರಡು ಕಾಂಟ್ಯಾಕ್ಟರು, ನಡುವೆ ಒಂದು ಅಗುಳಿ:
ಬಲದ್ದು ಕೂಡಿಕೊಂಡರೆ ಎಡದ್ದು ಅಲುಗಲಾರದು.
ಒಂದೇ ಒರೆಗೆ ಎರಡು ಕತ್ತಿ ಕೂಡದು ಎನ್ನುತ್ತಾರಲ್ಲ,
ಅದನ್ನು ಮಾತಿಗೆ ಬಿಡದೆ ಉಕ್ಕಿನಲ್ಲಿ ಮಾಡಿದ್ದಾರೆ ಯಾರೋ.

ಇದಕ್ಕೆ ಇಷ್ಟು ದುಡ್ಡೇ ಚುಂಡುಂಗ್? ಎಂದ ಅವಳ ಮೈದುನ.
ಎರಡೂ ತುದಿಗೆ ಪ್ಲಗ್ಗಿರುವ ಒಂದು ವೈರು ಸಾಕಲ್ಲ,
ಜನರೇಟರಿನಿಂದ ನೇರ ಗೋಡೆಯ ಸಾಕೆಟ್ಟಿಗೆ.
ನೋಡು, ನನ್ನ ಹತ್ತಿರವೇ ಇದೆ. ಬೀದಿಯಲ್ಲಿ ಎಲ್ಲರೂ ಮಾಡುತ್ತಾರೆ.

ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ.

ಎಲ್ಲರೂ ಮಾಡುತ್ತಾರೆ.
ಬುಕುರು ದಾರಿಯ ಒಂದು ಮನೆಯವರೂ ಮಾಡಿದ್ದರು.
ಆ ದಿನ ಲೈನು ಸತ್ತಿತ್ತು. ಅದರ ಬುಡದಲ್ಲೇ ಫ್ಯೂಸು ಕಿತ್ತು
ಭುಜದ ಚೀಲಕ್ಕೆ ಹಾಕಿಕೊಂಡು ಅಪ್ಪ ಕಂಬ ಹತ್ತಿದ್ದ.
ಕೆಳಗಿಳಿಸಿದಾಗಲೂ ಫ್ಯೂಸು ಚೀಲದಲ್ಲೇ ಇತ್ತು.
ಆ ಮನೆಯಲ್ಲಿ ಫುಟ್‌ಬಾಲ್ ಪಂದ್ಯ;
ಜನರೇಟರು ಟಿವಿಗೆ ಕೊಟ್ಟದ್ದು ಒಂದಿಷ್ಟು,
ಮಿಕ್ಕದ್ದು ಬರುವ ದಾರಿಯಲ್ಲೇ ಹಿಂದಕ್ಕೆ ಹರಿದು
ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಗಟ್ಟಲೆಯಾಗಿ ಬೆಳೆದು
ಅಪ್ಪನ ಕೈ ಸೇರಿತು.
ಅವರು ಕೆಟ್ಟವರಲ್ಲ. ಪಂದ್ಯ ಮುಗಿಯುವವರೆಗೆ
ಅವರಿಗೆ ಗೊತ್ತೂ ಆಗಲಿಲ್ಲ.
ಮಣ್ಣು ಮಾಡುವ ದಿನ ಒಂದು ಮೂಟೆ ಅಕ್ಕಿ ಹೊತ್ತು ತಂದರು,
ಅಮ್ಮ ಇಳಿಸಿಕೊಂಡಳು.

ಮೈದುನನಿಗೆ ಇದೇನೂ ಹೇಳಲಿಲ್ಲ.
ದರ ಇಳಿಸಲಾಗದು ಎಂದೆ, ಅಷ್ಟೆ.

ಏಳೂವರೆಗೆ, ಸಲಕರಣೆ ಚೀಲಕ್ಕೆ ತುಂಬುತ್ತಿದ್ದೆ,
ಕರೆಂಟು ಹೋಯಿತು.
ಕಾಂಗ್ಯಾಂಗ್ ಎದ್ದೇಬಿಟ್ಟಳು. ಚಿಲಕ ಸರಿದ ಸದ್ದು.
ಕೂತುಕೋ, ಎಂದೆ ಕತ್ತಲೆಗೆ.

ಎಂಟು ಸೆಕೆಂಡು. ಇಷ್ಟನ್ನು ಯಂತ್ರವೂ ಬೇಡುತ್ತದೆ.
ಹೋದದ್ದು ನಿಜಕ್ಕೂ ಹೋಯಿತೇ ಎಂಬ ಖಾತ್ರಿಗೆ ಚೂರು,
ಹೊರಗೆ ಎಂಜಿನ್ನು ಕೆಮ್ಮಿ ಉಸಿರು ಹಿಡಿಯಲು ಚೂರು,
ಮತ್ತೆ ಹಳೆಯ ಕೈಯನ್ನು ಪೂರ್ತಿ ಬಿಡಿಸಿಕೊಂಡು
ಮನೆ ಯಾರಿಗೂ ಸೇರದೆ ನಿಲ್ಲುವ ಒಂದು ಗಳಿಗೆ.
ಆ ಗಳಿಗೆಯಲ್ಲಿ ನಾನು ಯಾವ ಮನೆಯಲ್ಲಿದ್ದರೂ
ಕಿಟಕಿಯಾಚೆ ಕಂಬ ಹುಡುಕುತ್ತೇನೆ.

ಟಕ್.

ಬಲ್ಬು. ಕಾವುಪೆಟ್ಟಿಗೆಯ ಫ್ಯಾನು.
ಇಷ್ಟೇನಾ? ಎಂದಳು ಕಾಂಗ್ಯಾಂಗ್, ಮೋಸಹೋದವಳ ಹಾಗೆ,
ಕೈ ಇನ್ನೂ ಚಿಲಕದ ಮೇಲೆ.
ಇಷ್ಟೇ.
ಇನ್ನು ರಾತ್ರಿಯೆಲ್ಲ ನಾನೇನು ಮಾಡಲಿ?
ಅದಕ್ಕೆ ನನ್ನಲ್ಲಿ ಸಲಕರಣೆ ಇರಲಿಲ್ಲ.

ಮೈದುನನ ಕೈಯಿಂದ ಆ ವೈರು ಕೇಳಿ ಪಡೆದು
ಎರಡೂ ತುದಿ ಕತ್ತರಿಸಿ, ಸುತ್ತಿ, ಅವನಿಗೇ ಕೊಟ್ಟೆ.
ಬಟ್ಟೆ ಒಣಹಾಕಲು ಆಗುತ್ತದೆ, ಎಂದೆ.

ಹೊರಗೆ ಬೀದಿ ಕಪ್ಪು, ಬೀದಿಯುದ್ದ ಜನರೇಟರುಗಳ ಗೊರಕೆ.
ಮೂಲೆಯ ಕಂಬದ ಮೇಲೆ ಯಾರೂ ಇರಲಿಲ್ಲ.
ಇದ್ದಿದ್ದರೆ,
ಈ ಒಂದು ಮನೆಯ ಮಟ್ಟಿಗಾದರೂ,
ಇಳಿದು ಊಟಕ್ಕೆ ಹೋಗುತ್ತಿದ್ದ.