ಬಾಗಿಲಾಚೆಯ ಕಿವಿ

ಡುಲೂತಿನಲ್ಲಿ ಏಪ್ರಿಲ್ ಅಂದರೆ ಇನ್ನೂ ಹಿಮ.
ನಲ್ಲಿಯ ನೀರು ನಾಲ್ಕು ಡಿಗ್ರಿ.
ಮಾರ್ಲಿಸ್ ಹೌಗೆನ್ ಕೆಟಲ್ಲಿನಿಂದ ಬಿಸಿ ಬೆರೆಸುತ್ತಾಳೆ,
ಪಾದರಸ ಇಪ್ಪತ್ತಕ್ಕೆ ಬಂದು ನಿಲ್ಲುವ ತನಕ
ಮಾತಿಲ್ಲ.

ಮೂವತ್ತೊಂದು ವರ್ಷ ಹಲ್ಲಿನ ಡಾಕ್ಟರರ ಹಿಂದಿನ ಕೋಣೆಯಲ್ಲಿ
ಊರಿನ ದವಡೆಗಳನ್ನೆಲ್ಲ ಕತ್ತಲಲ್ಲಿ ತೊಳೆದವಳು.
ಯಾರ ಬಾಯಲ್ಲಿ ಎಷ್ಟು ಹುಳುಕು,
ಪಾದ್ರಿಯ ಯಾವ ಹಲ್ಲು ಕಟ್ಟಿಸಿದ್ದು,
ಎಲ್ಲ ಗೊತ್ತು, ಯಾರಿಗೂ ಹೇಳಿಲ್ಲ.
ಈಗ ಬಲಗೈ ನಡುಗುತ್ತದೆ.
ಅವಳ ಕಾಫಿ ಬಟ್ಟಲಲ್ಲಿ ಯಾವಾಗಲೂ ಸಣ್ಣ ಅಲೆ.

ಅದಕ್ಕೇ ನನ್ನನ್ನು ಕರೆದದ್ದು,
ಕೆಳಗಿನ ಮನೆಯ ಬಾಡಿಗೆಯವನನ್ನು,
ಅದಿರು ತುಂಬುವ ಕಟ್ಟೆಯ ರಾತ್ರಿಪಾಳಿಯವನನ್ನು.
"ನಿನ್ನ ಬೆರಳು ದಪ್ಪ," ಅಂದಳು ಮೊದಲ ದಿನ.
"ಇರಲಿ. ಕಲಿಯುತ್ತವೆ."

ಸ್ಟೀಲಿನ ರೀಲು:
ಎದುರುಬದುರು ನಿಲ್ಲಿಸಿದ ಎರಡು ತಂತಿಯ ಚಕ್ಕುಲಿ,
ನಡುವೆ ಒಂದು ಕ್ಲಿಪ್ಪು.
ಅಲ್ಲಿ ಫಿಲ್ಮಿನ ತುದಿ ಕಚ್ಚಿಸಿ
ಹೆಬ್ಬೆರಳು ತೋರುಬೆರಳ ನಡುವೆ ಒಂದಿಷ್ಟೇ ಬಾಗಿಸಿ
(ಬಿಲ್ಲಿನಷ್ಟಲ್ಲ, ಎಳೆ ಮಗು ನಾಲಗೆ ಮಡಿಸಿದಷ್ಟು)
ಒಳಗಿಂದ ಹೊರಕ್ಕೆ ಸುತ್ತಬೇಕು.
ಪ್ಲಾಸ್ಟಿಕ್ಕಿನದು ಚೂರು ತೇವಕ್ಕೇ ಅಂಟಿಕೊಂಡು ಮುನಿಯುತ್ತದೆ.
ಸ್ಟೀಲಿಗೆ ಮುನಿಸಿಲ್ಲ,
ಕ್ಷಮೆಯೂ ಇಲ್ಲ.
ಒಮ್ಮೆ ನೆಲಕ್ಕೆ ಬಿದ್ದರೆ ಕೂದಲೆಳೆಯಷ್ಟು ಸೊಟ್ಟ,
ಕಣ್ಣಿಗೆ ಕಾಣದ್ದು.
ಆಮೇಲೆ ಜನ್ಮಪೂರ್ತಿ ಅದೇ ಸುತ್ತಿನಲ್ಲಿ ತಕರಾರು.

ಹಾಳು ಫಿಲ್ಮಿನ ಮೇಲೆ ವಾರವೆಲ್ಲ ರೂಢಿ.
ಬೆಳಕಲ್ಲಿ, ಕಣ್ಣು ಮುಚ್ಚಿ,
ಕಟ್ಟೆಯ ಮೇಲೆ ಬಿಡುವಿನ ಹದಿನೈದು ನಿಮಿಷ
ಜಾಕೆಟ್ಟಿನೊಳಗೆ ಕೈ ತೂರಿಸಿ.
ಎಂಜಿನ್ನಿನ ಓಲಾವಿ ಕೇಳಿದ: "ಒಳಗೇನು, ಬೆಕ್ಕಿನ ಮರಿಯಾ?"

ಇವತ್ತು ನಿಜದ್ದು. ಅವಳ ಕೊನೆಯ ಬೇಸಿಗೆಯ ಸುರುಳಿ,
ಕೈ ಇನ್ನೂ ಮಾತು ಕೇಳುತ್ತಿದ್ದಾಗಿನದು.
ಕೋಟುಗಳ ಕಪಾಟಿನಲ್ಲಿ ನಾನು,
ಬಾಗಿಲ ಸಂದಿಗೆ ಟವೆಲು,
ಹೊರಗೆ ಸ್ಟೂಲಿನ ಮೇಲೆ ಅವಳು.
ಉಣ್ಣೆ, ನುಸಿಗುಳಿಗೆ, ನನ್ನದೇ ಉಸಿರು.
ಫಿಲ್ಮು ಸರ್ರ್, ಸರ್ರ್ ಎಂದು ಜಾಡು ಹಿಡಿಯಿತು.
ಆಮೇಲೆ, ಎಲ್ಲೋ ಇರುವೆ ಮೆಟ್ಟಿದಂತೆ,
ಚಟ್.

ನಾನು ಏನೂ ಅಂದಿರಲಿಲ್ಲ.
"ಎರಡು ಸುತ್ತು ಹಿಂದಕ್ಕೆ ಬಿಡು," ಬಾಗಿಲಾಚೆಯಿಂದ.
"ಒತ್ತಬೇಡ. ಅದಕ್ಕೆ ದಾರಿ ಗೊತ್ತು,
ನೀನು ಸುಮ್ಮನೆ ಜೊತೆಗೆ ಹೋಗು."

ಟ್ಯಾಂಕಿನಲ್ಲಿ ಒಂಬತ್ತೂವರೆ ನಿಮಿಷ.
ತಲೆಕೆಳಗು ಮಾಡು, ಮೇಜಿಗೆ ತಟ್ಟು, ಗುಳ್ಳೆ ಬಿಡಲಿ.
ತಣ್ಣನೆಯ ಸ್ಟೀಲು ಅಂಗೈಯ ಬಿಸಿ ಕದಿಯುತ್ತದೆ,
ಒಂದು ಗಳಿಗೆಗೆ ಯಾವುದು ಟ್ಯಾಂಕು ಯಾವುದು ಕೈ ತಿಳಿಯದು.
ಮುಚ್ಚಳ ಕಚ್ಚಿಕೊಂಡಿತು.
ಅವಳ ಬೈಗುಳ ನಾರ್ವೆಯದು,
ನನಗೆ ಅರ್ಥವಾಗಲಿಲ್ಲ, ಮುಚ್ಚಳಕ್ಕೆ ಆಯಿತು.

ಸ್ನಾನದ ಮನೆಯಲ್ಲಿ ಬಟ್ಟೆಕ್ಲಿಪ್ಪಿಗೆ ನೇತುಹಾಕಿದೆವು.
ಮೂವತ್ತಾರರಲ್ಲಿ ಮೂವತ್ತೈದು ಸರಿ.
ಒಂದರಲ್ಲಿ ಉಗುರಿನಷ್ಟು ಅರ್ಧಚಂದ್ರ, ನನ್ನ ಚಟ್ಟಿನ ಗುರುತು.
ಆಕಾಶದಲ್ಲಿ ಬಿದ್ದಿದ್ದರೆ ಚಂದ್ರ ಅಂತ ನಂಬಿಸಬಹುದಿತ್ತು.
ಬಿದ್ದದ್ದು ಅದಿರಿನ ಹಡಗಿನ ಹೊಟ್ಟೆಯ ಮೇಲೆ.

ಕ್ಷಮೆ ಕೇಳಲು ಬಾಯಿ ತೆರೆದೆ.
ಅವಳು ಒಣಗಿದ ಪಟ್ಟಿಯನ್ನು ಕಿಟಕಿಗೆ ಹಿಡಿದಿದ್ದಳು.
ಕೈ ನಡುಗುತ್ತಿತ್ತು,
ಹಡಗು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.
ತುಂಬ ಹೊತ್ತು ನೋಡಿದಳು.

"ರೀಲು ತೊಳೆದಿಡು," ಅಂದಳು ಕೊನೆಗೆ.
"ಹಲ್ಲುಜ್ಜುವ ಬ್ರಶ್ಶು ಅಲ್ಲಿದೆ.
ಸಂದಿಗಳನ್ನು ಮರೆಯಬೇಡ.
ಎಲ್ಲರೂ ಸಂದಿಗಳನ್ನೇ ಮರೆಯುತ್ತಾರೆ."