ಎರ್ಸೀರಾಳ ಬೂದುಕೋಳಿ

ಮೀನಿನ ಹೆಣ ಕೊಯ್ಯುವುದು ನನ್ನ ಕೆಲಸ.
ಕಿಂಚಾವೊ ದ್ವೀಪದ ದಂಡೆಯಾಚೆ, ತೇಲುವ ಬಲೆಪಂಜರಗಳಲ್ಲಿ
ಸತ್ತ ಸಾಲ್ಮನ್‌ಗಳ ಕಿವಿರು ಎತ್ತಿ, ಹೊಟ್ಟೆ ಸೀಳಿ
ಹಾಳೆಯ ಮನೆಗಳಲ್ಲಿ ಅಂಕಿ ತುಂಬುತ್ತೇನೆ:
ಹೇನಿಗೆ ಒಂದು, ಉಸಿರುಗಟ್ಟಿದ್ದಕ್ಕೆ ಎರಡು,
ಕಡಲಸಿಂಹ ಕಚ್ಚಿದ್ದಕ್ಕೆ ಮೂರು.
ತಿಳಿಯದ್ದಕ್ಕೆ ಒಂಬತ್ತು.
ದಿನದ ಕೊನೆಗೆ ಒಂಬತ್ತೇ ಹೆಚ್ಚು.
ಯಾರೂ ಕೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ದೋನ್ಯಾ ಎರ್ಸೀರಾ
ಹಿಟ್ಟಿನ ಚೀಲದಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲಿಟ್ಟು
"ನೊಲ್ಬೆರ್ತೊ, ಇದು ಯಾತಕ್ಕೆ ಸತ್ತಿತು ಹೇಳು" ಎಂದಾಗ
ಒಂಬತ್ತು ಎನ್ನಲು ಬಾಯಿ ಬರಲಿಲ್ಲ.

ಬೂದುಬಣ್ಣದ ಹೇಂಟೆ. ಕೆನ್ನೆಗೆ ಗಡ್ಡದಂಥ ಪುಕ್ಕ.
ನೀಲಿ ಮೊಟ್ಟೆ ಇಡುವ ನಮ್ಮ ಕಡೆಯ ತಳಿ.
ಜುಟ್ಟು ಬಹಳ ಸಲ ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು.
"ಐದು ದಿನ ಹೀಗೆ ನಿಂತಿತ್ತು" ಎಂದು
ನನ್ನ ಅಡಿಗೆಮನೆಯ ನಡುವೆ ನಿಂತು ತೋರಿಸಿದಳು,
ಕಾಲು ಅಗಲಿಸಿ, ಬೆನ್ನು ನೆಟ್ಟಗೆ, ಕಣ್ಣು ಅರೆಮುಚ್ಚಿ,
ಎಪ್ಪತ್ತೆರಡರ ಹೆಂಗಸು, ಉಣ್ಣೆಯ ಕಾಲುಚೀಲದಲ್ಲಿ
ಥೇಟ್ ಪೆಂಗ್ವಿನ್ನು.
ನನಗೆ ಅಲ್ಲೇ ಅರ್ಧ ತಿಳಿಯಿತು. ಹೇಳಲಿಲ್ಲ.

ಏಕೆಂದರೆ ಅವಳ ಬಳಿ ಉತ್ತರ ಆಗಲೇ ಇತ್ತು.
ಬೇಲಿಯಾಚೆಯ ನಾದಿನಿ ಓತಿಲಿಯಾ.
ಒಂದು ಸಾಲು ಆಲೂಗಡ್ಡೆಯ ಜಗಳಕ್ಕೆ
ಮೂರು ವರ್ಷ ಮಾತು ಬಿಟ್ಟವಳು
ಹೋದ ಮಂಗಳವಾರ ಬೇಲಿಗೊರಗಿ
"ಎಷ್ಟು ಚೆನ್ನಾಗಿ ಇಡುತ್ತೆ ನಿನ್ನ ಬೂದಿ" ಅಂದಳಂತೆ.
"ಅಷ್ಟು ಸಾಕಾಯ್ತು. ಆ ಕಣ್ಣು ನಿನಗೆ ಗೊತ್ತಲ್ಲ."

ಪತ್ರಿಕೆ ಹಾಸಿದೆ. ಒಲೆಗೆ ಅವಳೇ ಸೌದೆ ತುರುಕಿದಳು.
ಎದೆಯ ಪುಕ್ಕ ತರಿದು, ಚರ್ಮ ಬಿಡಿಸಿ
ಪಕ್ಕೆಲುಬು ಮುರಿವಾಗ ಆ ಸದ್ದು!
ಮೀನಿಗೆ ಆ ಸದ್ದಿಲ್ಲ.
ಗಂಟಲ ಚೀಲದಲ್ಲಿ ಹುಳಿತ ಹುಲ್ಲು.
ಈಲಿ ಪರವಾಗಿಲ್ಲ. ಗುಂಡಿಗೆ ಪುಟ್ಟದು, ಗಟ್ಟಿ.
ಕಾಳು ಬೀಸುವ ಚೀಲಕ್ಕೆ ಕತ್ತರಿ ಹಾಕಿದರೆ ಟಣ್ ಎಂದಿತು:
ಮರಳು, ಚಿಪ್ಪಿನ ಚೂರು,
ಪಿಂಗಾಣಿಯ ಒಂದು ಹಸಿರು ತುಣುಕು, ಅಂಚು ಸವೆದು ನುಣ್ಣಗಾದದ್ದು.
"ಓತಿಲಿಯಾಳ ತಟ್ಟೆ ಅದು!" ಬೆರಳು ಚಾಚಿದಳು.
ಇರಬಹುದು. ಕೋಳಿಗೆಲ್ಲಿಯ ಬೇಲಿ?
ಆದರೆ ಅದು ಕೊಂದಿರಲಿಲ್ಲ.
ತಿಂಗಳುಗಟ್ಟಲೆ ಕಾಳು ಅರೆದುಕೊಟ್ಟಿತ್ತು.

ಆಮೇಲೆ ಹೊಟ್ಟೆ.
ಹಳದಿ ನೀರು ಪತ್ರಿಕೆ ದಾಟಿ ಮೇಜಿನಂಚಿಗೆ ಹರಿಯಿತು.
ಅದರೊಳಗೆ ಬೇಯಿಸಿಟ್ಟಂಥ ಹೆಪ್ಪುಗಳು,
ಕರುಳಿಗೆ ಕರುಳು ಅಂಟಿ
ಎಲ್ಲಿ ಹಿಡಿದೆಳೆದರೂ ಎಲ್ಲವೂ ಬರುತ್ತಿತ್ತು.
ವಾಸನೆಗೆ ಬೆಕ್ಕು ಕೂಡ ಎದ್ದು ಹೊರಗೆ ಹೋಯಿತು.

ಹೇಗೆ ಹೇಳಲೆಂದು ಕೈ ತೊಳೆದುಕೊಂಡೆ, ಎರಡು ಸಲ.
"ದೋನ್ಯಾ, ಹಳದಿ ಮೇಲೆ ಹಣ್ಣಾಗಿ ಕಳಚುತ್ತೆ.
ಕೆಳಗೆ ಕೊಳವೆಯೊಂದು ಬಾಯಿ ತೆರೆದು ಹಿಡಿದುಕೊಳ್ಳಬೇಕು.
ಇದರದು ಹಿಡಿಯಲಿಲ್ಲ.
ಒಂದೊಂದೇ ಹೊಟ್ಟೆಯೊಳಕ್ಕೆ ಬಿತ್ತು, ಕೊಳೆಯಿತು.
ಇಡುತ್ತಲೇ ಇತ್ತು ಪಾಪ, ಒಳಗೆ."

"ಹಾಗಾದರೆ ಯಾರು ಮಾಡಿದ್ದು?"
"ಯಾರೂ ಅಲ್ಲ."
"ಚಳಿಗಾಲದಲ್ಲೂ ಇಡಲಿ ಅಂತ ನಾನು ಗೂಡಿಗೆ ಬಲ್ಬು ಹಾಕಿದ್ದೆ."

ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು. ಇಳಿಸಿದೆ.

ಅವಳು ಆ ಹಸಿರು ತುಣುಕು ತೊಳೆದು
ಸೆರಗಿಲ್ಲದ ಏಪ್ರನ್ನಿಗೆ ಒರೆಸಿ, ಕಿಟಕಿಯತ್ತ ಹಿಡಿದಳು.
"ಚೆನ್ನಾಗಿ ಇಡುತ್ತೆ ಅಂದಿದ್ದಳು" ಎಂದಳು,
ಆ ಮಾತು ಈಗ ತಾನೇ ಕಿವಿಗೆ ಬಿದ್ದಂತೆ.

ಕೂಲಿಯೆಂದು ಮೂರು ನೀಲಿ ಮೊಟ್ಟೆ ಕೊಟ್ಟಳು.
ಯಾವುದೂ ಬೂದಿಯದಲ್ಲ ಎಂದಳು, ನಾನು ಕೇಳದೆಯೇ.
ಈರುಳ್ಳಿ ಹಾಕಿ ಹುರಿದು, ಬ್ರೆಡ್ಡು ಒರೆಸಿ ತಿಂದೆ.
ಸುಳ್ಳೇಕೆ, ರುಚಿಯಾಗಿತ್ತು.

ಸೋಮವಾರ ನಾನೂರ ಹನ್ನೆರಡು ಮೀನು.
ಕೊನೆಯದರ ಹೊಟ್ಟೆಯೊಳಗೆ ಮತ್ತೊಮ್ಮೆ ಬೆರಳಾಡಿಸಿ
ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ.
"ಏನಯ್ಯಾ, ದೋಣಿ ಹೊರಡುತ್ತೆ" ಎಂದು ಕೂಗಿದರು.
ಒಂಬತ್ತು ಬರೆದೆ.