ಎಳೆ ಸಿಗದ ನೀರು

ಬಾಣಲೆಯ ಆಚೆಯಿಂದ ಶಾಹೀನಾ ಕೇಳಿದಳು:
"ಸಮುದ್ರ ಹೆಂಗಿತ್ತು, ಮುನಿನಂಜಿ?"
ಹಬೆಗೆ ಅವಳ ಮುಖ ಕಾಣಲಿಲ್ಲ.
ಶಿಡ್ಲಘಟ್ಟದಲ್ಲಿ ಆಗಿನ್ನೂ ಏಳು ಗಂಟೆ,
ಗೂಡಿನ ಮಾರ್ಕೆಟ್ಟಿಗೆ ಹೋಗುವ ಟೆಂಪೋಗಳು
ಸಂದಿಯಲ್ಲಿ ಒಂದಕ್ಕೊಂದು ಹಾರ್ನು ಹೊಡೆಯುತ್ತಿದ್ದವು.

ಮೊದಲು ಬೆರಳಿನ ಕತೆ ಕೇಳು, ಅಂದೆ.
ವೀಸಾ ಆಫೀಸಿನಲ್ಲಿ ಒಂದು ಹಸಿರು ಗಾಜು.
ಒತ್ತಮ್ಮ ಅಂದರು, ಒತ್ತಿದೆ.
ಒರೆಸಿ ಒತ್ತಮ್ಮ ಅಂದರು,
ಸೆರಗಲ್ಲಿ ಒರೆಸಿ ಒತ್ತಿದೆ.
ಇಪ್ಪತ್ತಾರು ವರ್ಷ ಕುದಿನೀರಲ್ಲಿ ತುದಿ ಹುಡುಕಿದ ಬೆರಳು,
ಗೆರೆಯೆಲ್ಲ ಗೂಡಿನ ಜೊತೆ ಬಿಚ್ಚಿಕೊಂಡು
ಯಾರದೋ ಸೀರೆಯ ಒಡಲಿಗೆ ಹೋಗಿದೆ.
ಕಂಪ್ಯೂಟರಿನ ಹುಡುಗ
"ಈಯಮ್ಮಂಗೆ ಬೆರಳೇ ಇಲ್ಲ ಸಾರ್" ಅಂದ,
ಹತ್ತನ್ನೂ ಕೈಲಿ ಹಿಡಿದುಕೊಂಡು.

ಹೆಂಗೋ ಕಳಿಸಿದರು. ವಸ್ತುಪ್ರದರ್ಶನದಲ್ಲಿ ನಾಕು ದಿನ
ಚರಕದ ಮುಂದೆ ಕೂತು ನೂಲು ತೆಗೆದೆ,
ಬಿಳಿ ಜನ ಸುತ್ತ ನಿಂತು ಫೋಟೋ ಹಿಡಿದರು.
ಭಾನುವಾರ ರಜೆ. ರೈಲು ಹತ್ತಿಸಿದರು.
ಊರಿನ ಹೆಸರು ನನ್ನ ಬಾಯಿಗೆ ಪೂರ್ತಿ ಬರಲಿಲ್ಲ;
ಕೊನೆಗೊಂದು ಓ ಇತ್ತು,
ಬಿಸಿ ಚಾ ಊದುವಾಗ ತುಟಿ ಆಗುತ್ತಲ್ಲ, ಹಾಗೆ.

ಹಳೇ ಊರು. ಒಂದರ ಹೆಗಲ ಮೇಲೊಂದು ಹತ್ತಿ
ಅರಿಸಿನ ಬಣ್ಣದ ಮನೆಗಳು ನೀರು ಇಣುಕುತ್ತಿದ್ದವು.
ದಂಡೆಯುದ್ದಕ್ಕೂ ನಮ್ಮ ಈಚಲಿಗೆ ದೊಡ್ಡಕ್ಕನ ಹಾಗಿರುವ ಮರ,
ಮರದ ಕೆಳಗೆ ಬೆಂಚು,
ಬೆಂಚಿನ ಮೇಲೆ ಮುದುಕರು,
ಚಂದ್ರಿಕೆಗೆ ಬಿಟ್ಟ ಹಣ್ಣುಹುಳುಗಳ ಹಾಗೆ
ಬಿಸಿಲಿಗೆ ಸುಮ್ಮನೆ ತಲೆ ಎತ್ತಿಕೊಂಡು.

ನೂರು ವರ್ಷದ ಹಿಂದೆ ರಾಣಿಯರು ಬರುತ್ತಿದ್ದರಂತೆ,
ಮಂಜಿನ ದೇಶಗಳಿಂದ, ಕೆಮ್ಮು ವಾಸಿಯಾಗಲಿ ಅಂತ.
ಹಬೆಯೊಳಗೆ ಶಾಹೀನಾ ಎರಡು ಸಲ ಕೆಮ್ಮಿದಳು.
"ವಾಸಿ ಆಯ್ತಂತಾ?"
ಗುಡ್ಡದ ಮೇಲೆ ಪರದೇಶದವರದ್ದೇ ಒಂದು ಸ್ಮಶಾನ ಇದೆ,
ಕಲ್ಲುಗಳೆಲ್ಲ ಸಮುದ್ರದ ಕಡೆ ಮುಖ ಮಾಡಿವೆ.
ಅಕ್ಷರ ಬರದಿದ್ದರೂ ಅಂಕಿ ಬರುತ್ತಲ್ಲ,
ಕಳೆದು ನೋಡಿದೆ: ಇಪ್ಪತ್ತೆರಡು, ಹತ್ತೊಂಬತ್ತು,
ಒಂದು ಸಣ್ಣ ಕಲ್ಲು, ಎಂಟು.

ದೊಡ್ಡ ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ
ಒಬ್ಬ ರಾಣಿಯ ಗೌನು ಇಟ್ಟಿದ್ದರು.
ಜೊತೆಗಿದ್ದ ಹುಡುಗಿ ಮುಟ್ಟಿ ತೋರಿಸುವಂತೆ
"ಸೇತಾ, ಸೇತಾ" ಅಂದಳು. ರೇಷ್ಮೆ ಅಂತ.
ನನಗೆ ಹೇಳಬೇಕಾ?
ಬಗ್ಗಿ ನೋಡಿದೆ. ಎಡಗಡೆ ಅಂಚಿನಲ್ಲಿ ಒಂದು ಗಂಟು.
ಅಲ್ಲಿ ಯಾರೋ ಒಬ್ಬಳು ತೂಕಡಿಸಿದ್ದಾಳೆ,
ಇಲ್ಲಾ ತೊಟ್ಟಿಲ ಮಗು ಅತ್ತಿದೆ,
ಇಲ್ಲಾ ಮೇಸ್ತ್ರಿ ಬಂದು ಬೆನ್ನ ಹಿಂದೆ ನಿಂತಿದ್ದಾನೆ.
ರಾಣಿಯ ಹೆಸರು ನಾನು ಕೇಳಲಿಲ್ಲ.

"ಸಮುದ್ರದ ಮಾತೇ ಬರಲಿಲ್ಲವಲ್ಲೇ."
ಬಂದೆ ಇರು.

ಚಪ್ಪಲಿ ಕೈಲಿ ಹಿಡಿದು ಇಳಿದೆ. ಮರಳಿಲ್ಲ, ಬರೀ ಗುಂಡುಕಲ್ಲು.
ಸೀರೆ ನೆನೆದರೆ ನೆನೆಯಲಿ ಅಂತ ಕುಕ್ಕರಗಾಲಲ್ಲಿ ಕೂತು
ಎರಡೂ ಕೈ ಅದ್ದಿದೆ.
ತಣ್ಣಗಿತ್ತು ಕಣೇ!
ಇಷ್ಟು ವರ್ಷ ಕೈ ಇಟ್ಟ ನೀರೆಲ್ಲ ಸುಟ್ಟಿದೆ.
ಬೆರಳು ಸುಮ್ಮನಿರಬೇಕಲ್ಲ, ಅಭ್ಯಾಸ,
ತಾವಾಗೇ ತುದಿ ಹುಡುಕೋಕೆ ಶುರು ಮಾಡಿದವು.
ತಿರುವಿದೆ, ಎತ್ತಿದೆ, ಬಿಟ್ಟೆ.
ಅಷ್ಟು ದೊಡ್ಡ ಬಾಣಲೆ, ಒಂದೆಳೆ ಸಿಗಲಿಲ್ಲ.
ಆಮೇಲೆ ಉರಿ ಹತ್ತಿತು ನೋಡು,
ಬೆರಳಿನ ಒಂದೊಂದು ಸೀಳಿಗೂ
ಉಪ್ಪು ಇಳಿಯಿತು.
ಹಸಿರು ಗಾಜಿಗೆ ಕಾಣದ್ದು
ಉಪ್ಪಿಗೆ ಒಂದೇ ಗಳಿಗೆಯಲ್ಲಿ ಗೊತ್ತಾಯಿತು,
ಹತ್ತೂ ಇವೆ ಅಂತ.

ಕೂಗಿಕೊಂಡೆನೋ ನಕ್ಕೆನೋ,
ಬೆಂಚಿನ ಮುದುಕಿಯೊಬ್ಬಳು ತಿರುಗಿ ನೋಡಿ
ಕೈ ಎತ್ತಿದಳು.

"ನಂಗೇನು ತಂದೆ?"
ಸೆರಗಿನ ಗಂಟು ಬಿಚ್ಚಿ ಒಂದು ಕಲ್ಲು ಕೊಟ್ಟೆ,
ಗೂಡಿನಷ್ಟೇ ಗಾತ್ರ, ಬಿಳಿ, ನಡು ಚೂರು ಸಣ್ಣ.
ಶಾಹೀನಾ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು,
ಒಳಗೆ ಹುಳ ಇದೆಯಾ ಎಂದು ನೋಡುವ ಹಾಗೆ.
"ಇದು ಬಿಚ್ಚಲ್ಲ" ಅಂದಳು.
ಬಿಚ್ಚಲ್ಲ, ಅಂದೆ.
ಅಷ್ಟರಲ್ಲಿ ಅವಳ ಕಡೆ ಎಳೆ ಹರಿಯಿತು.